ಹಂಚು–ಇಟ್ಟಂಗಿಯವರ ಸಂಘ: ಯಾರಿಗೆ ಬಲ, ಯಾರಿಗೆ ಭಾರ?

ಬೆಳಗಾವಿಯಲ್ಲಿ ಮನೆ ಕಟ್ಟಲು ಹೊರಟವರು ಇಟ್ಟಂಗಿ ಎಲ್ಲಿಂದ ತರಿಸೋಣ ಎಂದು ಗೌಂಡಿಯನ್ನು ಕೇಳಿದರೆ ಖಾನಾಪುರದ ಹೆಸರು ತಾನಾಗಿ ಬರುತ್ತದೆ. ನಗರದಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಊರು ಅದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಅದರ ಮಗ್ಗುಲಲ್ಲೇ ಹರಿಯುತ್ತದೆ. ಸುತ್ತ ಭತ್ತದ ಗದ್ದೆ, ಗದ್ದೆಯಡಿ ಜಿಗುಟು ಮಣ್ಣು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರಿಕೆಯ ಕೇಂದ್ರೀಯ ತರಬೇತಿ ಸಂಸ್ಥೆಯನ್ನು ಇದೇ ಊರಿನಲ್ಲಿ ನಡೆಸುತ್ತ ಬಂದಿರುವುದಕ್ಕೂ ಈ ಮಣ್ಣಿಗೂ ನಂಟಿದೆ. ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಘಟ್ಟ ಇಳಿದರೆ ಗೋವಾ: ಎರಡೂ ಮಾರುಕಟ್ಟೆಗೆ ಲಾರಿ, ರೈಲು ಎರಡರ ದಾರಿಯೂ ಇದೆ.

ಇಂಥ ಕಡೆ ಹಂಚು, ಇಟ್ಟಂಗಿ, ಸಿಮೆಂಟ್ ಬ್ಲಾಕ್, ಪೇವರ್, ಬಾಗಿಲು–ಕಿಟಕಿಯ ಚೌಕಟ್ಟು ಮಾಡುವವರೆಲ್ಲ ಒಂದು ಸಂಘವಾಗಿ ನಿಲ್ಲಬೇಕೇ, ನಿಂತರೆ ಆ ಸಂಘ ಏನು ಮಾಡಬೇಕು, ಯಾವುದನ್ನು ಮುಟ್ಟಬಾರದು? ಈ ಪ್ರಶ್ನೆ ಕಾರ್ಖಾನೆ ಮಾಲೀಕರಿಗೆ ಮಾತ್ರ ಸೇರಿದ್ದಲ್ಲ. ಸಾಲ ಮಾಡಿ ಮನೆ ಕಟ್ಟುವವರಿಗೆ, ಮಣ್ಣು ಕೊಡುವ ರೈತರಿಗೆ, ಭಟ್ಟಿಯ ಪಕ್ಕದ ಗುಡಿಸಲಿನಲ್ಲಿ ಆರು ತಿಂಗಳು ಬದುಕುವ ಕೂಲಿ ಕುಟುಂಬಗಳಿಗೆ ಇದರ ಉತ್ತರ ತಾಗುತ್ತದೆ. ಸಂಘ ಬೇಕು ಎನ್ನುವವರಲ್ಲಿಯೂ, ಸಂಘವೆಂದರೆ ದರ ಏರಿಸುವ ಕೂಟ ಎನ್ನುವವರಲ್ಲಿಯೂ ನಾನು ಸತ್ಯ ಕಾಣುತ್ತೇನೆ. ಆದರೆ ಎರಡರ ತೂಕ ಒಂದೇ ಎಂದು ಹೇಳಲಾರೆ.

ಸಂಘದ ಪರವಾಗಿರುವ ವಾದ ಗಟ್ಟಿಯಾದದ್ದು. ಭಾರತದಲ್ಲಿ ಯಂತ್ರದ ಹಂಚಿನ ಕಥೆ ಶುರುವಾಗುವುದು 1865ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಕಾರ್ಖಾನೆಯಲ್ಲಿ. ಅಲ್ಲಿಂದ ಹರಡಿದ ಮಂಗಳೂರು ಮಾದರಿಯ ಹಂಚು ಮಲೆನಾಡು, ಗೋವಾ, ಕೊಂಕಣದ ಮಳೆಗೆ ಹೇಳಿ ಮಾಡಿಸಿದ್ದು. ಆದರೆ ಕಳೆದ ಕೆಲವು ದಶಕಗಳಲ್ಲಿ ಆರ್‌ಸಿಸಿ ಚಾವಣಿ ಬಂತು, ಬಣ್ಣದ ತಗಡು ಬಂತು. ಹಳೆಯ ಹಂಚಿನ ಮನೆ ಬಿಚ್ಚಿದರೆ ಸಿಗುವ ಹಂಚೇ ಹೊಸ ಹಂಚಿಗೆ ಪೈಪೋಟಿ ಕೊಡುತ್ತದೆ. ಬೇಡಿಕೆ ಕುಗ್ಗಿದ ಉದ್ಯಮ ಒಂಟಿಯಾಗಿ ಸರ್ಕಾರದ ಬಾಗಿಲಿಗೆ ಹೋದರೆ ಅದರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ನಿಯಮಗಳ ಸಾಲನ್ನೇ ನೋಡಿ. ಸಣ್ಣ ಖನಿಜಕ್ಕೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ ಮೇಲೆ ಮಣ್ಣು ತೆಗೆಯುವುದೂ ಕಾಗದಪತ್ರದ ಕೆಲಸವಾಯಿತು. 2016ರ ಜನವರಿಯ ಕೇಂದ್ರ ಅಧಿಸೂಚನೆಯು ಕುಂಬಾರರಿಗೂ ಮಣ್ಣಿನ ಹಂಚು ಮಾಡುವವರಿಗೂ ವಿನಾಯಿತಿ ಕೊಟ್ಟಿತು. ಆದರೆ ಮಣ್ಣನ್ನು ಕೈಯಿಂದಲೇ ತೆಗೆಯಬೇಕು ಎಂಬ ಷರತ್ತು ಅದಕ್ಕಿತ್ತು. ಪ್ರೆಸ್ ಇಟ್ಟು ನಡೆಸುವ ಹಂಚಿನ ಕಾರ್ಖಾನೆಗೆ ಬೇಕಾಗುವಷ್ಟು ಮಣ್ಣನ್ನು ಸಲಿಕೆ–ಬುಟ್ಟಿಯಲ್ಲಿ ತರುವುದು ಕಷ್ಟ. ಜೆಸಿಬಿ ಇಳಿಸಿದರೆ ವಿನಾಯಿತಿ ಹೋಗುತ್ತದೆ. ಇಂಥ ಷರತ್ತಿನ ಒಳಗೆ ಸಣ್ಣ ಘಟಕ ಹೇಗೆ ಬದುಕಬೇಕು ಎಂದು ದಾಖಲೆ ಹಿಡಿದು ಕೇಳಲು ಒಬ್ಬ ಮಾಲೀಕನಿಗೆ ಪುರುಸೊತ್ತೂ ಇಲ್ಲ, ವಕೀಲರ ಶುಲ್ಕವೂ ಇಲ್ಲ.

ತೆರಿಗೆಯ ಕಥೆಯೂ ಹಾಗೆಯೇ. 2022ರ ಏಪ್ರಿಲ್ 1ರಿಂದ ಇಟ್ಟಿಗೆ ಮತ್ತು ಮಣ್ಣಿನ ಹಂಚಿನ ಜಿಎಸ್‌ಟಿ ಬದಲಾಯಿತು. ಹೂಡುವಳಿ ತೆರಿಗೆಯ ಜಮೆ ಪಡೆಯುವವರಿಗೆ ಶೇ 12, ಜಮೆ ಬಿಟ್ಟುಕೊಡುವವರಿಗೆ ಶೇ 6. ಅದಕ್ಕೂ ಮೊದಲು ಶೇ 5 ಇತ್ತು, ಅತಿ ಸಣ್ಣವರು ರಾಜಿ ಯೋಜನೆಯಲ್ಲಿ ಶೇ 1 ಕಟ್ಟಿ ಮುಗಿಸುತ್ತಿದ್ದರು. ಅದೇ ಹೊತ್ತಿಗೆ, ನೋಂದಣಿ ಬೇಡದ ವಹಿವಾಟಿನ ಮಿತಿ ಈ ಉದ್ಯಮಕ್ಕೆ ಮಾತ್ರ 40 ಲಕ್ಷ ರೂಪಾಯಿಯಿಂದ 20 ಲಕ್ಷಕ್ಕೆ ಇಳಿಯಿತು. ಮಣ್ಣಿಗೆ, ಕೂಲಿಗೆ ಹೆಚ್ಚು ಖರ್ಚಾಗುವ ಭಟ್ಟಿಗೆ ಜಮೆ ಪಡೆಯಲು ಬಿಲ್ಲುಗಳೇ ಕಡಿಮೆ. ಹೀಗಾಗಿ ಹೊಸ ದರ ನೇರವಾಗಿ ಇಟ್ಟಂಗಿಯ ಬೆಲೆಗೋ ಮಾಲೀಕನ ಲಾಭಕ್ಕೋ ಬಂದು ಕೂರುತ್ತದೆ. ಇದನ್ನು ಅಂಕಿಅಂಶ ಸಮೇತ ಹೇಳುವ ಕೆಲಸ ಸಂಘದ್ದು. ಬೇರೆ ಯಾರೂ ಅದನ್ನು ಮಾಡಿಕೊಡುವುದಿಲ್ಲ.

ಸಂಘದ ಪರವಾದ ಎರಡನೆಯ ಮಾತು ಗುಣಮಟ್ಟದ್ದು. ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ್ದು. ಸುಟ್ಟ ಇಟ್ಟಿಗೆಗೆ ಭಾರತೀಯ ಮಾನಕ 1077 ಇದೆ. ಸಾಮಾನ್ಯ ದರ್ಜೆಯ ಇಟ್ಟಿಗೆ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎನ್ನುತ್ತದೆ ಅದು. ಮಂಗಳೂರು ಮಾದರಿಯ ಹಂಚಿಗೆ ಮಾನಕ 654 ಇದೆ. ಮೇಲಿನ ದರ್ಜೆಗೆ ಶೇ 18, ಅದರ ಕೆಳಗಿನದಕ್ಕೆ ಶೇ 20ರ ಮಿತಿ. ಖಾನಾಪುರದಂಥ ಮಳೆಯ ಸೀಮೆಯಲ್ಲಿ ಗೋಡೆ, ಚಾವಣಿ ತೇವ ಹಿಡಿಯುವುದೋ ಇಲ್ಲವೋ ಎಂಬುದು ಈ ಮಿತಿಗಳ ಮೇಲೂ ನಿಂತಿದೆ. ಆದರೆ ಮನೆ ಕಟ್ಟುವವರು ಈಗ ಮಾಡುವುದೇನು? ಎರಡು ಇಟ್ಟಂಗಿ ಒಂದಕ್ಕೊಂದು ಬಡಿದು ಕಣ್ ಎನ್ನುವ ಸದ್ದು ಕೇಳುತ್ತಾರೆ, ಬಣ್ಣ ನೋಡುತ್ತಾರೆ. ಅನುಭವಿ ಗೌಂಡಿಯ ಕಿವಿ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಲಾರಿಯ ಮೇಲಿನ ಸಾಲಿನಲ್ಲಿರುವ ಇಟ್ಟಂಗಿಯ ಸದ್ದು ಅಡಿಯಲ್ಲಿರುವುದಕ್ಕೆ ಸಾಕ್ಷಿಯಾಗದು. ಪ್ರತಿ ಭಟ್ಟಿಯೂ ಪರೀಕ್ಷಾ ಯಂತ್ರ ಕೊಳ್ಳಲಾಗದು. ಹತ್ತಿಪ್ಪತ್ತು ಘಟಕ ಸೇರಿ ಒಂದು ಪ್ರಯೋಗಾಲಯ ಇಟ್ಟುಕೊಳ್ಳಬಹುದು.

ಇದು ಕನಸಲ್ಲ, ಬೆಳಗಾವಿಯಲ್ಲೇ ಮಾದರಿ ಇದೆ. ಎರಕದ ಕಾರ್ಖಾನೆಗಳಿಗೆ ಹೆಸರಾದ ನಗರ ಇದು. ಉದ್ಯಮಬಾಗದ ಫೌಂಡ್ರಿಗಳವರು ಒಟ್ಟಾಗಿ ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಕಟ್ಟಿಕೊಂಡರು; ಎರಕದ ಪರೀಕ್ಷೆ, ಬಳಸಿದ ಮರಳಿನ ಮರುಬಳಕೆಯಂಥ ಒಬ್ಬರಿಗೆ ನಿಭಾಯಿಸಲಾಗದ ಸೌಲಭ್ಯಗಳನ್ನು ಹಂಚಿಕೊಂಡರು. ಪೈಪೋಟಿಯಲ್ಲಿರುವವರೇ ಒಂದೇ ಪ್ರಯೋಗಾಲಯಕ್ಕೆ ಮಾದರಿ ಕಳಿಸುತ್ತಾರೆ, ಆಮೇಲೆ ಗ್ರಾಹಕನ ಮುಂದೆ ಬೇರೆ ಬೇರೆಯಾಗಿ ದರ ಇಡುತ್ತಾರೆ. ಸರ್ಕಾರದ ಸಾಮೂಹಿಕ ಸೌಲಭ್ಯ ಕೇಂದ್ರಗಳ ನೆರವೂ ಘಟಕಗಳು ಸೇರಿ ಕಟ್ಟಿದ ಸಂಸ್ಥೆಗೆ ಸಿಗುತ್ತದೆಯೇ ಹೊರತು ಒಂಟಿ ಮಾಲೀಕನಿಗಲ್ಲ. ಇಲ್ಲೊಂದು ಮಾತು ಸೇರಿಸಬೇಕು: ಫೌಂಡ್ರಿಯಲ್ಲಿ ಬಳಸಿ ಸವೆದ ಮರಳನ್ನು ಪರೀಕ್ಷಿಸಿ ಕಾಂಕ್ರೀಟ್ ಬ್ಲಾಕಿಗೂ ಪೇವರಿಗೂ ಬೆರೆಸುವುದು ಹಲವು ದೇಶಗಳಲ್ಲಿ ನಡೆದಿರುವ ಕೆಲಸ. ಬೆಳಗಾವಿಯ ಫೌಂಡ್ರಿಯವರೂ ಬ್ಲಾಕ್ ಮಾಡುವವರೂ ಒಂದೇ ಮೇಜಿನ ಸುತ್ತ ಕೂತರೆ ಒಬ್ಬರ ಕಸ ಇನ್ನೊಬ್ಬರ ಕಚ್ಚಾ ಮಾಲಾಗಬಹುದು. ಅಂಥ ಮೇಜು ಹಾಕುವ ಶಕ್ತಿ ಸಂಘಕ್ಕಿದೆ.

ಇಷ್ಟನ್ನು ಒಪ್ಪಿದ ಮೇಲೂ ಇನ್ನೊಂದು ಕಡೆಯ ಮಾತು ಕಡಿಮೆಯಾಗುವುದಿಲ್ಲ. ಒಂದೇ ಸರಕು ಮಾಡುವವರು ತಿಂಗಳಿಗೊಮ್ಮೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಸಾವಿರಕ್ಕೆ ಎಷ್ಟು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಲ್ಲಿದ್ದಲು ಏರಿತು, ಡೀಸೆಲ್ ಏರಿತು, ಕೂಲಿ ಏರಿತು, ನಾವೆಲ್ಲ ಒಂದೇ ದರ ಹಿಡಿಯೋಣ ಎಂಬ ಮಾತು ಮಾಲೀಕರಿಗೆ ಅನ್ಯಾಯವೆಂದು ತೋರುವುದೇ ಇಲ್ಲ. ಅದು ಬದುಕುವ ದಾರಿ ಎಂದೇ ಅವರ ಭಾವನೆ. ಆದರೆ 2002ರ ಸ್ಪರ್ಧಾ ಕಾಯ್ದೆಯ 3ನೆಯ ಪರಿಚ್ಛೇದ ಇದನ್ನು ನೇರವಾಗಿ ತಡೆಯುತ್ತದೆ: ದರ ನಿಗದಿ, ಉತ್ಪಾದನೆ ತಗ್ಗಿಸುವ ಒಪ್ಪಂದ, ಪ್ರದೇಶ ಹಂಚಿಕೆ, ಟೆಂಡರಿನಲ್ಲಿ ಒಳಸಂಚು, ಇವು ಸಂಘದ ಹೆಸರಿನಲ್ಲಿ ನಡೆದರೂ ತಪ್ಪೇ. ಸಣ್ಣವರು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಕಟ್ಟಡ ಸಾಮಗ್ರಿಯಲ್ಲಿ ಇದರ ಅತಿ ದೊಡ್ಡ ಪಾಠ ಸಿಮೆಂಟಿನದು. 2012ರ ಜೂನಿನಲ್ಲಿ ಸ್ಪರ್ಧಾ ಆಯೋಗವು 11 ಸಿಮೆಂಟ್ ಕಂಪನಿಗಳ ಮೇಲೆ 6,000 ಕೋಟಿ ರೂಪಾಯಿ ಮೀರಿದ ದಂಡ ಹಾಕಿತು. ಸಿಮೆಂಟ್ ತಯಾರಕರ ಸಂಘಕ್ಕೂ ದಂಡ ಬಿತ್ತು. ಮೇಲ್ಮನವಿಯಲ್ಲಿ ಆ ಆದೇಶ ರದ್ದಾಗಿ ಮರಳಿ ಬಂತು, 2016ರಲ್ಲಿ ಆಯೋಗ ಮತ್ತೆ ದಂಡ ವಿಧಿಸಿತು, 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಇದರಲ್ಲಿ ಗಮನಿಸಬೇಕಾದ್ದು ದಂಡದ ಮೊತ್ತಕ್ಕಿಂತ ಸಂಘದ ಪಾತ್ರ. ಸಂಘವು ವಿವಿಧ ಕೇಂದ್ರಗಳ ಚಿಲ್ಲರೆ ದರ, ಕಂಪನಿಗಳ ಉತ್ಪಾದನೆಯ ಅಂಕಿ ಒಟ್ಟುಮಾಡುತ್ತಿತ್ತು. ಸರ್ಕಾರ ಕೇಳಿದ್ದರಿಂದ ಮಾಡುತ್ತಿದ್ದೇವೆ ಎಂಬುದು ಅದರ ಸಮರ್ಥನೆ. ಪೈಪೋಟಿಯವರು ಒಬ್ಬರ ಅಂಕಿ ಇನ್ನೊಬ್ಬರು ನೋಡಿಕೊಳ್ಳಲು ಸಂಘವೇ ವೇದಿಕೆಯಾಯಿತು ಎಂಬುದು ಆಯೋಗದ ನಿಲುವು. ಜಿಎಸ್‌ಟಿ ವಿಷಯದಲ್ಲಿ ನಾನು ಮೆಚ್ಚಿದ ಅದೇ ಕೆಲಸ, ಅಂದರೆ ಅಂಕಿಅಂಶ ಕಲೆಹಾಕುವುದು, ಇಲ್ಲಿ ಅಪರಾಧದ ಬಾಗಿಲಾಗಿದೆ. ಸಂಘ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದ್ದು ಇದಕ್ಕಾಗಿ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ, ಕಟ್ಟಡದಿಂದ ದೂರದ ಕ್ಷೇತ್ರದ್ದಾದರೂ, ಡಬ್ಬಿಂಗ್ ಪ್ರಕರಣವಿದೆ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಸ್ಪರ್ಧಾ ಆಯೋಗವು, ಕನ್ನಡಕ್ಕೆ ಡಬ್ ಆದ ಚಿತ್ರಗಳನ್ನು ತಡೆದದ್ದಕ್ಕಾಗಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ವಿಧಿಸಿತು. ಭಾಷೆ ಉಳಿಸಬೇಕೆಂಬ ಮಂಡಳಿಯವರ ಕಾಳಜಿಯನ್ನು ಯಾರೂ ಹಗುರವಾಗಿ ಕಾಣಬಾರದು. ಆದರೂ ಯಾರು ಮಾರುಕಟ್ಟೆಗೆ ಬರಬೇಕು, ಯಾರು ಬರಬಾರದು ಎಂದು ವೃತ್ತಿ ಸಂಘವೇ ತೀರ್ಮಾನಿಸಲು ಹೊರಟರೆ ಕಾನೂನು ಅದನ್ನು ಒಪ್ಪದು ಎಂದಾಯಿತು. ಹೊರಗಿನ ಇಟ್ಟಂಗಿಯ ಲೋಡು ನಮ್ಮ ಊರಿಗೆ ಬರಬಾರದು ಎಂದು ಸಂಘವೊಂದು ನಿರ್ಣಯ ಮಾಡಿದರೆ ಅದರ ಗತಿಯೂ ಅದೇ.

ಬೆಲೆಯ ಮಾತು ಬೆಳಗಾವಿ ಜಿಲ್ಲೆಯಲ್ಲಿ ಬರೀ ಪುಸ್ತಕದ ಮಾತಲ್ಲ. 2019ರ ಆಗಸ್ಟಿನ ನೆರೆಯಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಜಿಲ್ಲೆಯ ಸಾವಿರಾರು ಮನೆ ಬಿದ್ದವು. ಪೂರ್ತಿ ಕುಸಿದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ದುಡ್ಡು ಕಂತುಕಂತಾಗಿ ಕೈಗೆ ಬರುವ ಕುಟುಂಬ ಸಾವಿರ ಇಟ್ಟಂಗಿಯ ಮೇಲೆ ಏರುವ ಪ್ರತಿ ನೂರು ರೂಪಾಯಿಯನ್ನೂ ಗೋಡೆಯ ಎತ್ತರದಲ್ಲಿ ಲೆಕ್ಕ ಹಾಕುತ್ತದೆ. ಎಲ್ಲರಿಗೂ ಒಟ್ಟಿಗೆ ಇಟ್ಟಂಗಿ ಬೇಕಾದ ಇಂಥ ವರ್ಷದಲ್ಲಿ ಭಟ್ಟಿಗಳ ನಡುವಿನ ಪೈಪೋಟಿಯೊಂದೇ ಬಡವನ ರಕ್ಷಣೆ. ಅದನ್ನು ಒಪ್ಪಂದದಿಂದ ಮುಚ್ಚಿದರೆ, ಸಂಘ ಮಾಡಿದ ಉಳಿದ ಒಳ್ಳೆಯ ಕೆಲಸಗಳನ್ನೆಲ್ಲ ತಂದು ಸುರಿದರೂ ಆ ನಷ್ಟ ತುಂಬದು.

ಬಂದ್ ಕರೆ ಇನ್ನೂ ಕಗ್ಗಂಟಿನದು. ಅನಿಲದ ಬೆಲೆ ಏರಿದಾಗ ಗುಜರಾತಿನ ಮೋರ್ಬಿಯ ಸೆರಾಮಿಕ್ ಕಾರ್ಖಾನೆಗಳು 2022ರ ಆಗಸ್ಟಿನಲ್ಲಿ ತಿಂಗಳ ಕಾಲ ಒಟ್ಟಾಗಿ ಕೆಲಸ ನಿಲ್ಲಿಸಿದವು. ನಷ್ಟದಲ್ಲಿ ದುಡಿಯುವುದಿಲ್ಲ ಎನ್ನುವ ಹಕ್ಕು ಯಾರಿಗೂ ಇದೆ. ಆದರೆ ಎಲ್ಲರೂ ಒಂದೇ ದಿನ ಬೆಂಕಿ ಆರಿಸಿದರೆ ಗೋದಾಮಿನ ಸರಕಿಗೆ ಬೆಲೆ ಬರುತ್ತದೆ, ಮತ್ತು ದಿನಗೂಲಿಯವರ ಮನೆಯ ಒಲೆಯೂ ಅದೇ ದಿನ ಆರುತ್ತದೆ. ತೆರಿಗೆಯ ವಿರುದ್ಧ ಸರ್ಕಾರದ ಗಮನ ಸೆಳೆಯಲು ಮೊದಲೇ ತಿಳಿಸಿ ಒಂದೆರಡು ದಿನ ಮುಚ್ಚುವುದನ್ನು ನಾನು ಪ್ರತಿಭಟನೆ ಎಂದು ಒಪ್ಪಬಲ್ಲೆ. ತಿಂಗಳುಗಟ್ಟಲೆ ಮುಚ್ಚುವುದು ಗ್ರಾಹಕನ ಮತ್ತು ಕೂಲಿಯವರ ಮೇಲೆ ಹೊರಿಸುವ ಹೊರೆ.

ಹಾಗೆಂದು ವ್ಯಾಪಾರಿಗಳ ಕೂಟವೆಲ್ಲ ಹೊಸಗಾಲದ ಕುತಂತ್ರವಲ್ಲ. ರಟ್ಟ ವಂಶದ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣ ಬೆಳಗಾವಿಯಲ್ಲಿ ಕಟ್ಟಿಸಿದ ರಟ್ಟ ಜಿನಾಲಯದ 1204ರ ಶಾಸನವಿದೆ. ವೇಣುಗ್ರಾಮ ಎಂದು ಆಗ ಕರೆಯುತ್ತಿದ್ದ ಬೆಳಗಾವಿಯ ವರ್ತಕರು, ಮುಮ್ಮುರಿದಂಡ ಎಂಬ ವರ್ತಕ ಕೂಟದವರು, ಲಾಳ ದೇಶ ಮತ್ತು ಮಲೆಯಾಳದಿಂದ ಬಂದ ವ್ಯಾಪಾರಿಗಳು ಒಟ್ಟಾಗಿ, ತಮ್ಮ ತಮ್ಮ ಸರಕಿನ ಮೇಲೆ ಇಷ್ಟಿಷ್ಟು ಎಂದು ಬಸದಿಗೆ ಬಿಟ್ಟುಕೊಟ್ಟರೆಂದು ಅದು ಹೇಳುತ್ತದೆ. ಎಂಟು ಶತಮಾನದ ಹಿಂದೆಯೇ ಈ ಊರಿನ ವರ್ತಕರು ಭಾಷೆ, ನಾಡುಗಳ ಗೆರೆ ದಾಟಿ ಒಂದಾಗಬಲ್ಲವರಾಗಿದ್ದರು. ಆ ಪಾಲನ್ನು ಕೊನೆಗೆ ತೆತ್ತವರು ಕೊಳ್ಳುವವರೇ ಇರಬೇಕು. ಆದರೆ ಎಷ್ಟು, ಯಾವುದಕ್ಕೆ ಎಂಬುದನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೆತ್ತಿದ್ದರು. ಕನ್ನಡ, ಮರಾಠಿ, ಕೊಂಕಣಿ ಮೂರೂ ಆಡುವ ಇಂದಿನ ಖಾನಾಪುರದ ಉದ್ಯಮಿಗಳಿಗೆ ಈ ಬಹಿರಂಗತೆ ಹತ್ತಿರದ ಮೇಲ್ಪಂಕ್ತಿ.

ಸಂಘದ ಒಳಗೇ ಇರುವ ಬಿರುಕನ್ನು ಸಂಘದ ಪರ, ವಿರುದ್ಧ ಇರುವ ಇಬ್ಬರೂ ಕಡಿಮೆ ಗಮನಿಸುತ್ತಾರೆ. ಕಟ್ಟಡ ಸಾಮಗ್ರಿ ಮಾಡುವವರೆಲ್ಲರ ಹಿತ ಒಂದೇ ಅಲ್ಲ. ಮಣ್ಣಿನ ಇಟ್ಟಂಗಿಯವರಿಗೆ ಹಾರುಬೂದಿ ಇಟ್ಟಿಗೆಯವರು ಪೈಪೋಟಿ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಸುತ್ತ ಬೂದಿ ಬಳಕೆ ಕಡ್ಡಾಯ ಮಾಡುವ ನಿಯಮ 1999ರಲ್ಲಿ 50 ಕಿಲೋಮೀಟರಿನಿಂದ ಶುರುವಾಗಿ 2016ಕ್ಕೆ 300 ಕಿಲೋಮೀಟರ್ ಆಯಿತು. ವಿಜಯಪುರ ಜಿಲ್ಲೆಯ ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರದಿಂದ ಅಳೆದರೆ ಬೆಳಗಾವಿ, ಖಾನಾಪುರ ಎರಡೂ ಆ ವ್ಯಾಪ್ತಿಯೊಳಗೆ ಬರುತ್ತವೆ. ಬೂದಿ ಇಟ್ಟಿಗೆ ಹೆಚ್ಚಾದರೆ ಗದ್ದೆಯ ಮಣ್ಣು ಉಳಿಯುತ್ತದೆ, ಹಳೆಯ ಭಟ್ಟಿಯವರು ಸೊರಗುತ್ತಾರೆ. ಒಂದೇ ಸಂಘ ಇಬ್ಬರ ಪರವಾಗಿಯೂ ಮನವಿ ಬರೆಯುವುದು ಹೇಗೆ? ಹಾಗೆ ಬರೆದ ಮನವಿಯಲ್ಲಿ ಯಾರ ಸಾಲು ಮೇಲೆ ಬರುತ್ತದೆಂದು ಚಂದಾ ಹೆಚ್ಚು ಕೊಟ್ಟವರು ನಿರ್ಧರಿಸುತ್ತಾರೆಯೇ?

ಮಣ್ಣಿನ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ಇಟ್ಟಂಗಿ ಸುಮಾರು ಮೂರು ಕಿಲೋ. ಸಾವಿರಕ್ಕೆ ಮೂರು ಟನ್ ಮಣ್ಣು. ದಿಣ್ಣೆಯ ಹೊಲ ತಗ್ಗಿಸಿ ನೀರು ನಿಲ್ಲುವ ಗದ್ದೆ ಮಾಡಿಕೊಳ್ಳಲು ರೈತರೇ ಮಣ್ಣು ಕೊಡುವುದುಂಟು, ಅದರಿಂದ ಅವರ ಕೈಗೆ ಕಾಸೂ ಬರುತ್ತದೆ. ಅದೇ ಮೇಲ್ಮಣ್ಣು ಹೋದ ಗದ್ದೆ ಮತ್ತೆ ಫಲವತ್ತಾಗಲು ವರ್ಷಗಳು ಬೇಕು. ಆಳವಾಗಿ ತೋಡಿ ಬಿಟ್ಟ ಗುಂಡಿ ಮಳೆಗಾಲದಲ್ಲಿ ಮಕ್ಕಳಿಗೂ ದನಕ್ಕೂ ಅಪಾಯ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮ ಇದೇ ತಾಲ್ಲೂಕಿನಲ್ಲಿದೆ ಎಂಬುದು ಭಟ್ಟಿಗೆ ಸೌದೆ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ಇನ್ನಷ್ಟು ಚುರುಕಾಗಿಸುತ್ತದೆ. 2022ರ ಫೆಬ್ರುವರಿಯ ಕೇಂದ್ರ ನಿಯಮ ಇಟ್ಟಿಗೆ ಗೂಡುಗಳ ಹೊಗೆಗೆ ಮಿತಿ ಹಾಕಿತು. ಜಿಗ್‌ಜಾಗ್, ವರ್ಟಿಕಲ್ ಶಾಫ್ಟ್‌ನಂಥ ತಂತ್ರಕ್ಕೆ ಅಥವಾ ಕೊಳವೆ ಅನಿಲಕ್ಕೆ ಬದಲಾಗಲು ಗಡುವು ಕೊಟ್ಟಿತು. ಇಂಥ ನಿಯಮ ಬಂದಾಗ ಸಂಘವು ಗಡುವು ಮುಂದೂಡಲು ಓಡಾಡಬಹುದು, ಇಲ್ಲವೇ ಕಡಿಮೆ ಇಂಧನದ ಒಂದು ಗೂಡನ್ನು ಎಲ್ಲರ ದುಡ್ಡಿನಲ್ಲಿ ಕಟ್ಟಿ ತೋರಿಸಬಹುದು. ಸುಡುವ ತಂತ್ರ ಸುಧಾರಿಸಿದರೆ ಇಂಧನದ ಖರ್ಚೂ ಇಳಿಯುತ್ತದೆ, ಇದು ಮಾಲೀಕನಿಗೂ ಲಾಭವೇ. ಮೊದಲನೆಯದು ಸುಲಭ, ಎರಡನೆಯದು ಮಾಡಿದರೆ ಊರು ಸಂಘದ ಪರ ನಿಲ್ಲುತ್ತದೆ.

ಇಷ್ಟೆಲ್ಲದರಲ್ಲಿ ಧ್ವನಿ ಇಲ್ಲದವರು ಕೂಲಿಯವರು. ಮಳೆ ನಿಂತ ಮೇಲೆ ಕುಟುಂಬ ಸಮೇತ ಬಂದು, ಮುಂಗಾರಿನ ಮೊದಲ ಹನಿಗೆ ಗಂಟು ಕಟ್ಟುವ ಜನ. ಹಂಗಾಮಿಗೆ ಮೊದಲೇ ಮುಂಗಡ ಕೊಡುವ ಪದ್ಧತಿ ಅವರ ಕಷ್ಟಕಾಲಕ್ಕೆ ಆಗುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಬ್ಯಾಂಕು ಹತ್ತಿರ ಸೇರಿಸದವರಿಗೆ ಅದು ನಿಜವೂ ಹೌದು. ಆದರೆ ಮುಂಗಡ ತೀರುವ ತನಕ ಬೇರೆ ಕಡೆ ಹೋಗುವಂತಿಲ್ಲ ಎಂದಾದರೆ ಅದು 1976ರ ಜೀತಪದ್ಧತಿ ನಿಷೇಧ ಕಾಯ್ದೆಯ ಎಲ್ಲೆಗೆ ಬರುತ್ತದೆ. ಮಾಲೀಕರ ಸಂಘ ಇಲ್ಲಿ ಎರಡೂ ದಿಕ್ಕಿಗೆ ಹೋಗಬಲ್ಲದು. ಒಬ್ಬನ ಭಟ್ಟಿ ಬಿಟ್ಟ ಕೂಲಿಯವನಿಗೆ ಇನ್ನೊಬ್ಬ ಕೆಲಸ ಕೊಡಬಾರದು ಎಂಬ ಕಟ್ಟುಪಾಡು ಹಾಕಿದರೆ ಇಡೀ ತಾಲ್ಲೂಕೇ ಅವನಿಗೆ ಒಂದು ಗೋಡೆಯಾಗುತ್ತದೆ. ಅದೇ ಸಂಘ ಮುಂಗಡದ ಲೆಕ್ಕವನ್ನು ಕೂಲಿಯವರ ಕೈಗೂ ಬರವಣಿಗೆಯಲ್ಲಿ ಕೊಡಬೇಕೆಂದು, ಭಟ್ಟಿಯ ಬಳಿ ಕುಡಿಯುವ ನೀರು, ಶೌಚಾಲಯ ಇರಬೇಕೆಂದು, ಮಕ್ಕಳನ್ನು ಟೆಂಟ್ ಶಾಲೆಗೋ ಹತ್ತಿರದ ಸರ್ಕಾರಿ ಶಾಲೆಗೋ ಸೇರಿಸಬೇಕೆಂದು ಸದಸ್ಯತ್ವದ ಷರತ್ತು ಮಾಡಿದರೆ, ಒಬ್ಬ ಒಳ್ಳೆಯ ಮಾಲೀಕ ಮಾತ್ರ ಖರ್ಚು ಹೊತ್ತು ಪೈಪೋಟಿಯಲ್ಲಿ ಸೋಲುವುದು ತಪ್ಪುತ್ತದೆ. ಒಳ್ಳೆಯತನಕ್ಕೆ ತಗಲುವ ವೆಚ್ಚ ಎಲ್ಲರಿಗೂ ಸಮನಾಗುವುದು ಸಂಘದಿಂದ ಮಾತ್ರ ಸಾಧ್ಯ. ಸಂಘದ ಪರ ನಾನು ಕೊನೆಗೂ ವಾಲುವುದಾದರೆ ಅದಕ್ಕೆ ಪರೀಕ್ಷಾಲಯದ ಜೊತೆಗೆ ಇದೇ ಕಾರಣ.

ಆದ್ದರಿಂದ ನಾನು ಕೇಳುವ ಸಂಘಕ್ಕೆ ಕೆಲವು ಷರತ್ತುಗಳಿವೆ. ದರದ ಮಾತು ಸಭೆಯ ಕಾರ್ಯಸೂಚಿಯಲ್ಲಿ ಬರಬಾರದು. ಬಂದರೆ ಎದ್ದು ಹೊರಬರುವ ಹಕ್ಕು ಸದಸ್ಯನಿಗೆ ಬೈಲಾದಲ್ಲೇ ಇರಬೇಕು. ಸರ್ಕಾರಕ್ಕೆ ಕೊಡಲು ಅಂಕಿಅಂಶ ಬೇಕಾದರೆ ಅದನ್ನು ಹೊರಗಿನ ಲೆಕ್ಕಪರಿಶೋಧಕರು ಸಂಗ್ರಹಿಸಲಿ, ಒಟ್ಟು ಮೊತ್ತ ಮಾತ್ರ ಹೊರಬರಲಿ, ಯಾವ ಭಟ್ಟಿಯ ಲೆಕ್ಕವೂ ಇನ್ನೊಂದು ಭಟ್ಟಿಯವರಿಗೆ ಕಾಣದಿರಲಿ. ಸಿಮೆಂಟಿನವರು ಎಡವಿದ ಕಲ್ಲು ಅದೇ. ಪರೀಕ್ಷೆಯ ಫಲಿತಾಂಶ ಭಟ್ಟಿಯ ಹೆಸರಿನ ಸಮೇತ ಗ್ರಾಹಕರಿಗೆ ಸಿಗಲಿ. ಇದಕ್ಕೆ ಮಾಲೀಕರಿಂದ ವಿರೋಧ ಬರುವುದು ಖಚಿತ. ಒಂದು ಲೋಡು ಸರಿಯಾಗಿ ಸುಡದೆ ಹೋದದ್ದಕ್ಕೆ ವರ್ಷವಿಡೀ ಹೆಸರು ಕೆಡಬೇಕೇ ಎಂಬ ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಒಂದೇ ಪರೀಕ್ಷೆಯ ಬದಲು ಹಂಗಾಮಿನ ಹಲವು ಮಾದರಿಗಳ ಸರಾಸರಿ ಪ್ರಕಟಿಸಿದರೆ ಆ ಆಕ್ಷೇಪ ಬಹುಮಟ್ಟಿಗೆ ನೀಗುತ್ತದೆ.

ಬಗೆಹರಿಯದೆ ಉಳಿಯುವುದು ಅತಿ ಸಣ್ಣವರ ಪ್ರಶ್ನೆ. ಹೊಲದ ಮೂಲೆಯಲ್ಲಿ ವರ್ಷಕ್ಕೊಂದೆರಡು ಭಟ್ಟಿ ಹಾಕುವ ರೈತ, ಕುಂಬಾರ ಮನೆತನದವರು ಚಂದಾ ಕಟ್ಟಿ, ಜಿಎಸ್‌ಟಿ ಸಂಖ್ಯೆ ತೋರಿಸಿ ಸದಸ್ಯರಾಗುವುದು ಕಷ್ಟ. ಅವರನ್ನು ಹೊರಗಿಟ್ಟರೆ ಸಂಘ ದೊಡ್ಡವರದ್ದಾಗುತ್ತದೆ, ಗುಣಮಟ್ಟದ ನಿಯಮವೇ ಸಣ್ಣವರನ್ನು ಹೊರದೂಡುವ ಕೋಲಾಗುತ್ತದೆ. ಷರತ್ತು ಸಡಿಲಿಸಿ ಒಳಗೆ ಬಿಟ್ಟುಕೊಂಡರೆ ಸಂಘದ ಮುದ್ರೆಗೆ ಬೆಲೆ ಇಳಿಯುತ್ತದೆ. ಚಂದಾವನ್ನು ಇಟ್ಟಂಗಿಯ ಎಣಿಕೆಗೆ ತಕ್ಕಂತೆ ಇಟ್ಟು ಮತವನ್ನು ಮಾತ್ರ ತಲೆಗೊಂದರಂತೆ ಕೊಡುವುದು, ಪರೀಕ್ಷಾಲಯವನ್ನು ಸದಸ್ಯರಲ್ಲದವರಿಗೂ ಅದೇ ಶುಲ್ಕಕ್ಕೆ ತೆರೆದಿಡುವುದು, ಕುಂಬಾರಿಕೆ ತರಬೇತಿ ಸಂಸ್ಥೆಯ ನೆರವಿನಿಂದ ಮಣ್ಣು ಹದಮಾಡುವ, ಸುಡುವ ಪಾಠವನ್ನು ಅವರಿಗೆ ಮೊದಲು ತಲುಪಿಸುವುದು: ಇಷ್ಟು ಮಾಡಿದರೆ ಆ ಅಂತರ ಸ್ವಲ್ಪವಾದರೂ ಕಿರಿದಾದೀತು. ದೊಡ್ಡ ಕಾರ್ಖಾನೆಯವರು ತಲೆಗೊಂದು ಮತಕ್ಕೆ ಒಪ್ಪುತ್ತಾರೆಯೇ ಎಂಬುದು ಮೊದಲ ಸಭೆಯಲ್ಲೇ ತಿಳಿಯುತ್ತದೆ.